ಸಾಲುನಾಟಿ ಕಲಿಸಲು ಹೋಗಿ ನಾನು ಕಲಿತದ್ದು

೧೯೫೮ರ ಮುಂಗಾರಿನಲ್ಲಿ ನಾನು ಅರಕಲಗೂಡು ತಾಲ್ಲೂಕಿನ ಕಾಲುವೆ ಬಯಲಿನ ಹತ್ತು ಹಳ್ಳಿಗಳಿಗೆ ಗ್ರಾಮಸೇವಕನಾಗಿದ್ದೆ. ಗ್ರಾಮಸೇವಕನೆಂದರೆ ಬ್ಲಾಕ್ ಆಫೀಸಿಗೂ ಗದ್ದೆಗೂ ನಡುವೆ ಸೈಕಲ್ ತುಳಿಯುವವನು. ಬೇಸಾಯದ ಹೊಸ ವಿಷಯಗಳನ್ನು ರೈತರ ಕಿವಿಗೆ ಹಾಕುವುದು ಅವನ ಕೆಲಸ. ಆಗಿನ ಹೊಸ ವಿಷಯ ಜಪಾನಿ ಪದ್ಧತಿಯ ಭತ್ತ. ಪೈರನ್ನು ಒತ್ತೊತ್ತಾಗಿ ಊರದೆ, ಹಗ್ಗ ಕಟ್ಟಿ, ಸಾಲಿನಿಂದ ಸಾಲಿಗೆ ಹತ್ತು ಅಂಗುಲ ಬಿಟ್ಟು ನೆಡಬೇಕು. ಕಳೆ ತೆಗೆಯುವುದು ಸುಲಭ, ತೆನೆಯೂ ಹೆಚ್ಚು.

ಕಲಿತದ್ದನ್ನು ಒಪ್ಪಿಸುವುದರಲ್ಲಿ ನಾನು ಗಟ್ಟಿಗ. ಎರಡು ತಿಂಗಳು ಸಂಜೆ ಸಂಜೆ ಅರಳಿಕಟ್ಟೆಯಲ್ಲಿ ಸಭೆ ಸೇರಿಸಿದೆ. ಗಂಡಸರು ಬೀಡಿ ಸೇದುತ್ತ ತಲೆದೂಗಿದರು. ತಲೆದೂಗಿದವರನ್ನು ಕಂಡರೆ ಉಬ್ಬಿಹೋಗುವ ವಯಸ್ಸು ನನ್ನದು. ಕೊನೆಗೆ ಪುಟ್ಟೇಗೌಡನೆಂಬ ಯುವಕ ತನಗಿದ್ದ ಒಂದೇ ಗದ್ದೆಯನ್ನು, ಮುಕ್ಕಾಲು ಎಕರೆಯನ್ನು, ಹೊಸ ಪದ್ಧತಿಗೆ ಬಿಟ್ಟುಕೊಟ್ಟ. ಮನೆಯ ವರ್ಷದ ಅನ್ನ ಅದರಲ್ಲೇ ಬರಬೇಕಿತ್ತು. ಅವನ ತಾಯಿ ಒಂದು ವಾರ ನನ್ನ ಮುಖ ನೋಡಲಿಲ್ಲ.

ನಾಟಿಯ ಬೆಳಗ್ಗೆ ಹಗ್ಗ ಹೊತ್ತು ಹೋದರೆ ಬದುವಿನ ಮೇಲೆ ಹನ್ನೆರಡು ಜನ ಹೆಂಗಸರು ನಿಂತಿದ್ದರು. ನನ್ನ ತಪ್ಪು ಆಗ ಹೊಳೆಯಿತು. ಈ ಸೀಮೆಯಲ್ಲಿ ನಾಟಿ ಹಾಕುವವರು ಹೆಂಗಸರು. ನಾನು ಎರಡು ತಿಂಗಳು ಪಾಠ ಹೇಳಿದ್ದು, ಜನ್ಮದಲ್ಲಿ ಒಂದು ಪೈರನ್ನೂ ಊರದ ಗಂಡಸರಿಗೆ. ನನ್ನ ಅವ್ವನೂ ನಾಟಿಗೆ ಹೋಗುತ್ತಿದ್ದವಳೇ, ಅದಾದರೂ ನೆನಪಾಗಬಾರದಿತ್ತೇ?

ಅವರೆಲ್ಲ ಮುಯ್ಯಾಳುಗಳು. ಇವತ್ತು ಇವಳ ಗದ್ದೆಗೆ ಅವಳು, ನಾಳೆ ಅವಳ ಗದ್ದೆಗೆ ಇವಳು, ಕೂಲಿಯಿಲ್ಲ. ಒಬ್ಬರ ಗದ್ದೆ ಎರಡು ದಿನ ಹಿಡಿದರೆ ಮಿಕ್ಕವರ ನಾಟಿ ಹಿಂದೆ ಬೀಳುತ್ತದೆ. ನಾನು ಪ್ರತಿ ಸಾಲಿಗೂ ಅಡಿಕೋಲು ಹಿಡಿದು ಅಳೆಯುವುದನ್ನು ತಂಡದ ಹಿರಿಯಳು ಸಣ್ಣಮ್ಮ ಸ್ವಲ್ಪ ಹೊತ್ತು ನೋಡಿದಳು.

“ಇಂಗೆ ನೆಟ್ರೆ ಒತ್ತು ಮುಳುಗೋಯ್ತದೆ ಕಣಪ್ಪ. ನಮ್ ಕೈಲಾಗಕ್ಕಿಲ್ಲ” ಅಂದವಳೇ ತಂಡವನ್ನು ಕರೆದುಕೊಂಡು ಮುಂದಿನ ಗದ್ದೆಗೆ ನಡೆದಳು.

ಸಸಿಮಡಿಯಲ್ಲಿ ಪೈರು ಬಲಿಯುತ್ತಿತ್ತು. ಇನ್ನೊಂದು ವಾರ ತಡವಾದರೆ ಪುಟ್ಟೇಗೌಡನ ಬೆಳೆಯ ಆಸೆ ಬಿಡಬೇಕಿತ್ತು. ಅವನು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಒಂದಿಷ್ಟು ನಿದ್ದೆಯಾದರೂ ಬರುತ್ತಿತ್ತು.

ಮೂರನೆಯ ದಿನ ಸಣ್ಣಮ್ಮನ ಮಗಳು ಲಕ್ಷ್ಮಿ ಆಷಾಢಕ್ಕೆಂದು ತವರಿಗೆ ಬಂದಳು. ಅವಳನ್ನು ಹೊಳೆನರಸೀಪುರದ ಕಡೆಯ ಊರಿಗೆ ಕೊಟ್ಟಿತ್ತು, ಅಲ್ಲಿ ಹಿಂದಿನ ವರ್ಷವೇ ಸಾಲುನಾಟಿ ಆಗಿತ್ತು. ನನ್ನ ಅಡಿಕೋಲಿನ ಕಥೆ ಕೇಳಿ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳಂತೆ. ಮರುದಿನ ತಂಡವನ್ನೇ ಕರೆದುಕೊಂಡು ಬಂದಳು. ಹಳೆಯ ಸೀರೆಯ ಕೆಂಪು ಅಂಚು ಹರಿದು, ಪೈರು ಬರಬೇಕಾದ ಕಡೆಯೆಲ್ಲ ಹಗ್ಗಕ್ಕೆ ಚಿಂದಿ ಕಟ್ಟಿದಳು. ಒಬ್ಬೊಬ್ಬಳಿಗೆ ಇಂತಿಷ್ಟು ಚಿಂದಿ. ಯಾರೂ ಜಾಗ ಬಿಟ್ಟು ಸರಿಯುವಂತಿಲ್ಲ.

“ನಮ್ಮತ್ತೆ ಊರಲ್ಲಿ ಪದ ಏಳ್ಕೊಂಡು ನೆಡ್ತೀವಿ ಸಾ. ಒಂದು ಸೊಲ್ಲು ಮುಗೀತು ಅಂದ್ರೆ ನೀವು ಅಗ್ಗ ಎತ್ತಬೇಕು, ಅಷ್ಟೇಯ.”

ಒಂದು ಬದುವಿನಲ್ಲಿ ಪುಟ್ಟೇಗೌಡ, ಇನ್ನೊಂದರಲ್ಲಿ ನಾನು. ಹತ್ತು ಅಂಗುಲದ ಕಡ್ಡಿ ಇಬ್ಬರ ಕೈಯಲ್ಲೂ. ಪದ ಮುಗಿಯುತ್ತಿತ್ತು, ಹಗ್ಗ ಏಳುತ್ತಿತ್ತು, ಲಕ್ಷ್ಮಿಯದೂ ಸೇರಿ ಹದಿಮೂರು ಬೆನ್ನು ಒಟ್ಟಿಗೆ ಬಾಗುತ್ತಿದ್ದವು. ಪದ ಕೇಳುತ್ತ ಹಗ್ಗ ಎತ್ತುವುದನ್ನೇ ಮರೆತ ನನ್ನ ಮೇಲೆ ಎರಡು ಸಲ ಹೆಂಗಸರ ಕಡೆಯಿಂದ ಕೆಸರಿನ ಮುದ್ದೆ ಬಿತ್ತು. ಹೊತ್ತು ಮುಳುಗುವ ಮುಂಚೆಯೇ ಗದ್ದೆ ಮುಗಿಯಿತು. ಅಷ್ಟು ಸಂತೋಷದ ದಿನ ನನ್ನ ನೌಕರಿಯಲ್ಲಿ ಹೆಚ್ಚು ಬರಲಿಲ್ಲ.

ಸುಗ್ಗಿಯಲ್ಲಿ ಹಿಂದಿನ ವರ್ಷಕ್ಕಿಂತ ನಾಲ್ಕು ಚೀಲ ಹೆಚ್ಚು ಭತ್ತ ಬಂತು. ಪುಟ್ಟೇಗೌಡನ ತಾಯಿ ಹೊಸ ಅಕ್ಕಿಯ ಅನ್ನ ಬಡಿಸಿ, ಈ ಸಲ ನನ್ನ ಮುಖ ನೋಡಿಯೇ ಹೇಳಿದಳು: “ಮುಂದ್ಲ ಸತಿ ಸಭೆ ಸೇರ್ಸೋವಾಗ ನಮ್ಮುನ್ನೂ ಕರಿಯಪ್ಪ.”

ಕರೆಯುವ ಅಗತ್ಯವೇ ಬೀಳಲಿಲ್ಲ. ಮುಯ್ಯಾಳುಗಳು ಹೋದಲ್ಲೆಲ್ಲ ಚಿಂದಿ ಕಟ್ಟಿದ ಹಗ್ಗ ಹೋಯಿತು. ಆಷಾಢ ಮುಗಿಸಿ ಗಂಡನ ಮನೆಗೆ ಹೊರಟ ಹೆಣ್ಣುಮಕ್ಕಳ ಜೊತೆ ಪದವೂ ಹೋಯಿತು. ಎರಡು ವರ್ಷದಲ್ಲಿ ನನ್ನ ಹತ್ತು ಹಳ್ಳಿಗಳಲ್ಲಿ ಏಳು ಸಾಲುನಾಟಿಗೆ ಬಂದವು. ಭತ್ತ ತುಂಬಿಕೊಂಡು ಪೇಟೆಗೆ ಹೊರಡುವ ಗಾಡಿಗಳು ಹೆಚ್ಚಾದವು, ಪುಟ್ಟೇಗೌಡನ ಮನೆಗೆ ಹೆಂಚು ಬಂತು. ಹಾಸನದಿಂದ ಬಂದ ಮೇಲಧಿಕಾರಿಗಳು ಎಷ್ಟು ಸಭೆ ನಡೆಸಿದಿರಿ ಎಂದು ಕೇಳಿದಾಗ, ಆ ಎರಡು ವರ್ಷ ಒಂದೂ ಇಲ್ಲ ಎಂದು ನಿಜವನ್ನೇ ಹೇಳಿದೆ.

ಕೆಲಸ ಯಾರ ಕೈಯಲ್ಲಿದೆಯೋ ತಿಳಿವಳಿಕೆಯೂ ಅವರ ಜೊತೆಯಲ್ಲೇ ಊರು ತಿರುಗುತ್ತದೆ, ಅದರ ಹಿಂದೆಯೇ ಏಳಿಗೆ ಬರುತ್ತದೆ ಎಂಬುದು ನನಗೆ ಆ ಗದ್ದೆಯಲ್ಲಿ ತಿಳಿಯಿತು. ಮುಂದೆ ಚನ್ನರಾಯಪಟ್ಟಣದ ಕಡೆಗೆ ವರ್ಗವಾದಾಗ ಮೊದಲ ದಿನವೇ ಎರಡು ಪ್ರಶ್ನೆ ಕೇಳಿದೆ: ಇಲ್ಲಿ ಈ ಕೆಲಸ ಮಾಡುವವರು ಯಾರು, ಅವರ ಹೆಣ್ಣುಮಕ್ಕಳು ಯಾವ ಯಾವ ಊರಿನಲ್ಲಿದ್ದಾರೆ? ಹೊಸ ಗ್ರಾಮಸೇವಕ ಹೆಣ್ಣು ಹುಡುಕುತ್ತಿದ್ದಾನೆಂದು ಸಂಜೆಯೊಳಗೆ ಹೆಂಗಸರ ಬಾಯಿಂದ ಬಾಯಿಗೆ ಊರೆಲ್ಲ ಸುದ್ದಿಯಾಯಿತು. ನನಗೆ ಬಹಳ ಖುಷಿಯಾಯಿತು. ಸುದ್ದಿ ಯಾವ ದಾರಿಯಲ್ಲಿ ಹೋಗುತ್ತದೆಂದು ಒಂದೇ ದಿನದಲ್ಲಿ ಗೊತ್ತಾಗಿತ್ತಲ್ಲ.