ತಾಳಿ ಬಿಚ್ಚಬಾರದಂತ

ಮೊನ್ನಿ ಕೊಟ್ಟಿಗಿ ಗ್ವಾಡಿಗೆ ಹಚ್ಚಾಕಂತ ಸುಣ್ಣ ನೆನಿ ಹಾಕಿದ್ರು. ಆ ಬಿಸಿ ವಾಸನಿ ಮೂಗಿಗೆ ಬಡೀತು, ಬಾಜೂ ಮನಿ ಸೊಸಿ ಕಣ್ಮುಂದ ಬಂದ್ಲು. ಕಣ್ಣೀರು ಬರಲಿಲ್ಲ. ಸಿಟ್ಟು ಬಂತು.

ಆಕಿ ನನಗಿಂತ ಸಣ್ಣಾಕಿ. ಸಂಪಗಾಂವದ ನಮ್ಮ ಓಣಿಯಾಗ ಆಕಿಯಂಗ ರೊಟ್ಟಿ ಬಡಿಯಾಕಿ ಮತ್ತೊಬ್ಬಾಕಿ ಇರಲಿಲ್ಲ. ಬರಬರತ ಎಲುವು ನೋವು, ಮೂತ್ರದಾಗ ಹರಳು, ನೀರಿನ ಕೊಡ ಎತ್ತಿದ್ರ ಎದಿ ಢವಢವ... ಮೈಯಾಗ ಸುಣ್ಣ ಕಡಿಮಿ ಆಗೇತಿ ಅಂತ ಅವರತ್ತಿ ದಿನಾ ಮಜ್ಜಿಗ್ಯಾಗ ಗೋದಿಕಾಳಿನಷ್ಟು ಸುಣ್ಣ ಕಲಿಸಿ ಕುಡಸಿದ್ಲು. ಔಷಧ ಅಂಗಡ್ಯಾವ ಕ್ಯಾಲ್ಸಿಯಂ ಅಂತ ಸುಣ್ಣದ ಗುಳಗಿನೂ ಕೊಟ್ಟ. ಉರಿಯೋ ಒಲಿಗೆ ಕಟಗಿ ಹಾಕಿದಂಗ!

ಕಡೀಕ ನಾನ ಆಕಿನ್ನೂ ಆಕಿ ಗಂಡನ್ನೂ ಬೆಳಗಾವಿಗೆ ಕರಕೊಂಡು ಹೋದೆ. ಡಾಕ್ಟರಬಾಯಿ ರಕ್ತ ತಪಾಸ ಮಾಡಿಸಿ, ಕೊರಳು, ಎದಿ ಸ್ಕ್ಯಾನ್ ನೋಡಿ ಅಂದ್ಲು: "ಸುಣ್ಣ ಕಡಿಮಿ ಅಲ್ರಿ, ವಿಪರೀತ ಐತಿ. ಕೊರಳಾಗಿನ ಒಂದು ಗ್ರಂಥಿ ದಪ್ಪಾಗಿ, ಎಲುವಿನ ಸುಣ್ಣ ರಕ್ತಕ್ಕ ಎಳ್ಯಾಕತ್ತೈತಿ. ಅದರಿಂದ ಹೃದಯಾನೂ ಸೋಲಾಕತ್ತೈತಿ. ಆಪರೇಷನ್ ಮಾಡಿ ಆ ಗ್ರಂಥಿ ತಗದ್ರ ಹೃದಯಕ್ಕೂ ಹಗರ ಆದೀತು. ತಡಾ ಮಾಡಬ್ಯಾಡ್ರಿ. ಆಪರೇಷನ್ನಿಗೆ ಬರೂ ಮುಂದ ಕೊರಳಾಗಿಂದೆಲ್ಲಾ ತಗದ ಬರ್ರಿ."

ಆ ಕಡೀ ಮಾತಿಗೆ ಮನಿಯಾಗ ಬೆಂಕಿ ಬಿತ್ತು.

"ಗಂಡ ಜೀವಂತ ಇದ್ದಾಗ ತಾಳಿ ಬಿಚ್ಚತಾಳಂತ! ನನ್ನ ಮಗನ್ನ ಕೊಲ್ಲಾಕ ನಿಂತಾಳ," ಅಂದ್ಲು ಅವರತ್ತಿ.

"ದೊಡ್ಡವ್ವಾ, ಅರಿಶಿಣ ದಾರ ತೋಳಿಗೆ ಕಟ್ಟರಿ, ಸಾಕು. ತಾಳಿ ಗಿರವಿ ಇಟ್ಟಾಗ ಊರಾಗ ಯಾರ ಗಂಡ ಸತ್ತಾನ, ಹೇಳ್ರಿ?" ಅಂದೆ.

"ನಿನ್ನ ಬಾಯಿ ಭಾಳ ಆತು. ನಿನ್ನ ಮನೀದು ನೋಡ್ಕೋ, ಹೋಗ."

ಗಂಡ ಅನ್ನಿಸಿಕೊಂಡಾವ ಅಡಕಿ ಕತ್ತರಿಸಿಕೋತ ಕುಂತಿದ್ದ. ಆಕಿ ನನ್ನ ಬಾಗಲತನಾ ಕಳಸಾಕ ಬಂದು, "ಅಕ್ಕಾ, ನನಗ ಬದುಕಬೇಕು ಅನಸತೈತಿ," ಅಂದ್ಲು. ಅಷ್ಟ...

ಆಪರೇಷನ್ನಿಗೆ ಆಕಿನ್ನ ಕಳಸಲೇ ಇಲ್ಲ. ಸುಗ್ಗಿ ಬಂತು. ಹೊಲದಾಗಿನ ಆಳುಗಳಿಗೆ ರೊಟ್ಟಿ ಬಡೀತ ಬಡೀತ ಒಲಿ ಮುಂದ ಕುಸದ್ಲು. ನಾ ಓಡಿ ಹೋಗೂದ್ರಾಗ ಎದಿ ನಿಂತಿತ್ತು.

"ಮುತ್ತೈದಿ ಸಾವು, ಪುಣ್ಯವಂತಿ" ಅಂತ ಹೆಂಗಸರು ಹಣಿ ತುಂಬ ಕುಂಕುಮ ಹಚ್ಚಿದ್ರು. ಪುಣ್ಯ ಅಂತ ಪುಣ್ಯ! ಮಣ್ಣಿಗೆ ಒಯ್ಯೂ ಮುಂದ ಅವರತ್ತಿ ಮೆಲ್ಲಕ ಕೈ ಹಾಕಿ ಬಂಗಾರದ ತಾಳಿ ಬಿಚ್ಚಿ, ಸೆರಗಿಗೆ ಗಂಟ ಕಟಗೊಂಡ್ಲು. ಆಗ ಮಗ ಸಾಯಲಿಲ್ಲ ನೋಡ್ರಿ.

ಇವತ್ತೂ ಗಟ್ಟಿ ಅದಾನ. ಮುಂಜಾನಿ ಗುಡಿ ಕಟ್ಟಿ ಮ್ಯಾಲ ಬಿಸಲು ಕಾಸಕೋತ ಕುಂತಿರತಾನ. "ಆರಾಮ ಅದೀರೇನ್ರಿ ಅಕ್ಕಾರ?" ಅಂತಾನ. ನಾ ಮಾರಿ ತಿರವಿ ಹೋಗತೇನಿ. ಆ ಮನಿಯಾಗ ನನ್ನ ಜೋಡಿ ಮಾತಾಡಾಕಿ ಒಬ್ಬಾಕಿನ ಇದ್ಲು.