ಐದನೆಯ ತೊಲೆ

ನಮ್ಮ ಭಾವನಿಗೆ ಜನ ಇಟ್ಟ ಹೆಸರು ದುರ್ಬೀನು ಮೇಷ್ಟ್ರು. ಹಳೆಯ ಕಟ್ಟಡಗಳ ಮರದ ಛಾವಣಿಯ ವಿಷಯದಲ್ಲಿ ಅವರು ಹೇಳಿದ್ದೇ ಕೊನೆಯ ಮಾತು. ಆದರೆ ಈ ಮಹಾನುಭಾವರು ಜನ್ಮದಲ್ಲಿ ಏಣಿ ಹತ್ತಿದವರಲ್ಲ. ಎರಡನೆಯ ಮೆಟ್ಟಿಲಿಗೇ ಕಾಲು ಗಡಗಡ. ಕುರ್ಚಿಗೆ ಒರಗಿ, ಕುತ್ತಿಗೆ ಹಿಂದಕ್ಕೆ ಚೆಲ್ಲಿ, ದುರ್ಬೀನು ಕಣ್ಣಿಗಿಟ್ಟುಕೊಂಡರೆ ಸಂಶೋಧನೆ ಶುರು. ನೋಡಿದವರಿಗೆ ಕ್ಷೌರಕ್ಕೆ ಕೂತ ಹಾಗೆ ಕಾಣುತ್ತಿತ್ತು. ಸಾವಿನ ಮನೆಗೆ ಹೋದರೂ ಹೆಣದ ಮುಖ ಬಿಟ್ಟು ಜಂತೆ ನೋಡುವ ಆಸಾಮಿ.

ಅಕ್ಕ ಹೊಲಿಗೆ ಕಲಿಸುತ್ತಿದ್ದದ್ದು ಒಂದು ಹಳೆಯ ಸಭಾಂಗಣದಲ್ಲಿ. ಎತ್ತರದ ಕಿಟಕಿ, ಒಳ್ಳೆಯ ಬೆಳಕು, ಬಟ್ಟೆ ಹರಡಲು ಬೇಕಾದಷ್ಟು ನೆಲ. ಅವಳ ಗ್ರಹಚಾರಕ್ಕೆ ಅದಕ್ಕೆ ಮರದ ಛಾವಣಿಯೂ ಇತ್ತು. ಪುರಸಭೆಯವರು ಅದರ ಅಧ್ಯಯನವನ್ನು ಭಾವನಿಗೆ ವಹಿಸಿದರು. ಅಧ್ಯಯನಕ್ಕೂ ಮೊದಲು ಭಾವ ಮಾಡಿಸಿದ್ದು ಬೋರ್ಡು. 'ಪುರಾತನ ಮರ, ಯಾರೂ ಮುಟ್ಟಬಾರದು' ಎಂದು ಬರೆಸಿ, ಬಡಗಿಯನ್ನು ಹತ್ತಿಸಿ, ತಾವು ಕೆಳಗಿನಿಂದಲೇ ಕೈ ತೋರಿಸಿ ಒಂದು ತೊಲೆಗೆ ಹೊಡೆಸಿದರು. ಅಷ್ಟು ಎತ್ತರದಲ್ಲಿ ಮುಟ್ಟುವುದು ಬಾವಲಿಗಳು ಮಾತ್ರ. ಅವಕ್ಕೆ ಓದು ಬರುವುದಿಲ್ಲ.

ಆಮೇಲೆ ದುರ್ಬೀನು ಹೊರಬಂತು. ಹಿಂದಿನ ಬಡಗಿಗಳು ತೊಲೆಗಳನ್ನು ನೆಲದ ಮೇಲೇ ಕೊರೆದು ಹೊಂದಿಸಿ, ಮೇಲೇರಿಸುವಾಗ ಅದಲುಬದಲಾಗದಿರಲಿ ಎಂದು ಉಳಿಯಿಂದ ಗೀರು ಹಾಕುತ್ತಿದ್ದರು: ಮೊದಲನೆಯದಕ್ಕೆ ಒಂದು, ಎರಡನೆಯದಕ್ಕೆ ಎರಡು. ಇಲ್ಲಿ ನಾಲ್ಕರವರೆಗೂ ಗೀರಿತ್ತು, ಆರನೆಯದಕ್ಕೂ ಇತ್ತು. ಬೋರ್ಡು ಹೊತ್ತ ಐದನೆಯದು ಮಾತ್ರ ಬೋಳು. ಭಾವನಿಗೆ ನಿಧಿ ಸಿಕ್ಕಂತಾಯಿತು. ಮೂಲ ತೊಲೆ ಬೆಂಕಿಗೆ ಹೋಗಿದೆ, ಇದು ಆಮೇಲೆ ತಂದು ಹಾಕಿದ್ದು, ಇಡೀ ಛಾವಣಿ ಬೆಂದು ಬಲ ಕಳೆದುಕೊಂಡಿದೆ ಎಂದು ವರದಿ ಬರೆದರು. ಯಾರೂ ಕಾಣದ ಆ ಬೆಂಕಿಯ ಬಗ್ಗೆ ಹೋದಲ್ಲೆಲ್ಲ ಭಾಷಣ ಬಿಗಿದು ಚಪ್ಪಾಳೆ ಗಿಟ್ಟಿಸಿದರು. ಅದರ ಕೆಳಗೆ ಯಾರೂ ಕೂರಕೂಡದೆಂದು ಅಕ್ಕನ ತರಗತಿಯನ್ನು ಜಗಲಿಗೆ ತಳ್ಳಿಸಿದರು.

ಜಗಲಿಯಲ್ಲಿ ಕತ್ತರಿಸಿಟ್ಟ ತುಂಡುಗಳು ಗಾಳಿಗೆ ಹಾರುತ್ತಿದ್ದವು. ಎರಚಲಿಗೆ ಮಿಷಿನ್ನು ತುಕ್ಕು ಹಿಡಿಯಿತು. ಕಲಿಯುವ ಹೆಂಗಸರು ಒಬ್ಬೊಬ್ಬರಾಗಿ ಬರುವುದನ್ನೇ ಬಿಟ್ಟರು.

"ಒಳಗೆ ಒಂದು ಮೂಲೆನಾದ್ರೂ ಬಿಡಿಸಿಕೊಡ್ರೀ," ಎಂದು ಅಕ್ಕ ಅಂಗಲಾಚಿದಾಗಲೆಲ್ಲ, "ಸಂಶೋಧನೆಗೆ ಹೆಂಡ್ತಿ ಮಕ್ಕಳು ಅಂತ ಇರಲ್ಲ ಕಣೇ," ಎನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಕ್ಕನ ಮುಖ ನೋಡಿ ಹಲ್ಲು ಕಚ್ಚಿಕೊಂಡಿದ್ದೆ.

ಮೊನ್ನೆ ಯಾರೋ ದೊಡ್ಡವರು ಛಾವಣಿ ನೋಡಲು ಬರುವವರಿದ್ದರು. ಜೇಡರ ಬಲೆ ತೆಗೆಯಲು ಭಾವ ಅಕ್ಕನನ್ನು ಏಣಿ ಹತ್ತಿಸಿದರು. ಕೆಳಗೆ ಕೂರಲೂ ಅಪಾಯವಾದ ಛಾವಣಿಗೆ ಹೆಂಡತಿಯನ್ನು ಹತ್ತಿಸಲು ಏನೂ ಅಡ್ಡಿಯಿರಲಿಲ್ಲ. ನಾನು ಏಣಿ ಹಿಡಿದು ನಿಂತಿದ್ದೆ. ಪೊರಕೆ ತಗಲಿ ಬೋರ್ಡಿನ ಒಂದು ಮೊಳೆ ಕಳಚಿತು, ಬೋರ್ಡು ಜೋತುಬಿತ್ತು.

"ರೀ, ಇಲ್ಲಿ ಗೀರಿದೆ," ಎಂದಳು ಅಕ್ಕ. "ಐದು."

"ಬಿರುಕಿರಬೇಕು. ಒರೆಸಿ ನೋಡು."

"ಒರೆಸ್ದೆ. ಐದೇ. ನಿಮ್ಮ ಬೋರ್ಡಿನ ಕೆಳಗಿತ್ತು."

ಭಾವ ದುರ್ಬೀನು ಎತ್ತಿದರು, ಇಳಿಸಿದರು, ಮತ್ತೆ ಎತ್ತಿದರು. ಮುಖ ಇಂಗು ತಿಂದ ಮಂಗನ ಹಾಗಾಗಿತ್ತು. ಕೊನೆಗೆ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ, "ಅವರು ಬರೋ ಹೊತ್ತಾಯ್ತು. ಬೋರ್ಡನ್ನ ಮೊದಲಿನ ಹಾಗೇ ಹೊಡೆದುಬಿಡು," ಎಂದರು.

ಅಕ್ಕ ಉಳಿದ ಮೊಳೆಯನ್ನೂ ಕಿತ್ತಳು. ಬೋರ್ಡನ್ನು ಕಂಕುಳಲ್ಲಿ ಇರುಕಿಕೊಂಡು ಇಳಿದು, ನೆಟ್ಟಗೆ ಜಗಲಿಗೆ ನಡೆದಳು. "ಬಾರೋ, ಮಿಷಿನ್ನಿಗೆ ಒಂದು ಕೈ ಹಾಕು," ಎಂದಳು ನನಗೆ. ಇಬ್ಬರೂ ಅದನ್ನು ಎತ್ತಿ ತಂದು ಐದನೆಯ ತೊಲೆಯ ಕೆಳಗೇ ಇಟ್ಟೆವು.

ದೊಡ್ಡವರು ಬಂದರು. ನಮ್ಮ ಭಾವ ಮೂರೂ ಬಿಟ್ಟವರು ಎಂಬುದು ನನಗೆ ಖಾತ್ರಿಯಾದದ್ದು ಆಗ. ಎದೆ ಸೆಟೆಸಿ, "ಬೆಂಕಿ ಬಿದ್ದಿತ್ತು ಅನ್ನೋದೇ ತಪ್ಪು. ಇವತ್ತು ಬೆಳಗ್ಗೆ ನಾನೇ ಕಂಡುಹಿಡಿದೆ. ಛಾವಣಿ ಗಟ್ಟಿಮುಟ್ಟಾಗಿದೆ," ಎಂದು ಮೇಲಕ್ಕೆ ಕೈ ತೋರಿಸಿದರು. ಬಂದವರು ತಲೆದೂಗಿದರು. ಭಾವನ ಬಾಯಿಂದಲೇ ಆ ಮಾತು ಬಂದ ಮೇಲೆ ಇನ್ನು ಅಕ್ಕನನ್ನು ಅಲ್ಲಿಂದ ಎಬ್ಬಿಸುವವರಿರಲಿಲ್ಲ.

ಅಕ್ಕ ಸೂಜಿಗೆ ದಾರ ಪೋಣಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಸ್ವಲ್ಪ ಆ ಕಡೆ ಸರೀರಿ," ಎಂದಳು ಗಂಡನಿಗೆ. "ಬೆಳಕಿಗೆ ಅಡ್ಡ ನಿಂತಿದೀರಿ."