ಹೊಸ್ತಿಲಿಯಸ್ ಬಾಯಲ್ಲಿ ಕಾಲುಕಾಸು

ರೋಮಿನ ಬಂದರು ಓಸ್ತಿಯಾದ ಸ್ನಾನದಮನೆ ಬಾಗಿಲಲ್ಲಿ ಹೊಸ್ತಿಲಿಯಸ್ ಬಾಯಿ ತೆರೆದು ಮಲಗಿದ್ದ. ನಾಲಿಗೆ ಮೇಲೊಂದು ಕಂಚಿನ ಕಾಲುಕಾಸು. ಅಷ್ಟೇ ಸಾಕಾಯಿತು, ಊರು ಅವನನ್ನು ಸಾಯಿಸಿಬಿಟ್ಟಿತು.

ಹೆಸರಿಗೆ ತಕ್ಕ ಹಾಗೆ ಇಪ್ಪತ್ತೆರಡು ವರ್ಷ ಹೊಸ್ತಿಲಲ್ಲೇ ಕಳೆದ ಮನುಷ್ಯ. ಅದಕ್ಕೂ ಮೊದಲು ಬಂದರಿನಲ್ಲಿ ಹಗ್ಗ ಹೊಸೆಯುತ್ತಿದ್ದ. ಸೊಂಟ ಹಿಡಿದುಕೊಂಡ ಮೇಲೆ ಕೂತು ಮಾಡುವ ಕೆಲಸ ಹುಡುಕಿ ಇಲ್ಲಿ ಬಟ್ಟೆ ಕಾಯಲು ಬಂದ. ಸ್ನಾನಕ್ಕೆ ಬಂದವರ ಬಟ್ಟೆ ತನ್ನ ಎರಡೂ ತೋಳಿನ ತುಂಬ ಇರುತ್ತಿದ್ದುದರಿಂದ ಅವರು ಕೊಡುವ ಕಾಸನ್ನು ಬಾಯಲ್ಲೇ ಇಸ್ಕೊಂಡು, ಖೋಟಾ ಅಲ್ಲ ತಾನೇ ಅಂತ ಕಚ್ಚಿ ನೋಡಿ, ಕೈ ಬಿಡುವಾದಾಗ ಮಡಕೆಗೆ ಉಗುಳುತ್ತಿದ್ದ. ಆ ಮಧ್ಯಾಹ್ನ ಉಗುಳುವ ಮೊದಲೇ ನಿದ್ದೆ ಬಂತು.

"ಅಯ್ಯೋ, ಸತ್ತವರನ್ನ ನದಿ ದಾಟಿಸೋ ಅಂಬಿಗನ ಕಾಸು ಆಗಲೇ ಬಾಯಿಗಿಟ್ಟಿದ್ದಾರಲ್ರೋ!" ಎಂದ ಎಣ್ಣೆ ಮಾರುವ ಫಾದಿಯಸ್.

"ಗೊರಕೆ ಹೊಡೀತಿದ್ದಾನಲ್ಲ?" ಅಂದಳು ಮೀನಿನವಳು.

"ಕಾಸು ಇಟ್ಟಾಗಿದೆ ಅಂದ್ಮೇಲೆ ಮನೆಯವರಿಗೆ ಗೊತ್ತಿರಲ್ವೇನಮ್ಮ? ಅದು ಒಳಗೆ ಉಳಿದ ಗಾಳಿ."

ಸತ್ತವರನ್ನು ಕರೆದು ನೋಡುವ ಪದ್ಧತಿಯಂತೆ ಮೂರು ಸಲ ಹೆಸರು ಹಿಡಿದು ಕೂಗಿದರು. ದಿನವಿಡೀ ಅದೇ ಕೂಗು ಕೇಳುವವನು ಮೂರು ಸಲಕ್ಕೆಲ್ಲ ಏಳುತ್ತಾನೆಯೇ?

ಸ್ನಾನದಮನೆ ಯಜಮಾನಿ ಕೆದಿಕಿಯಾ ಓಡಿಬಂದು ಎರಡು ಹನಿ ಕಣ್ಣೀರು ಹಾಕಿ, ಖಾಲಿಯಾದ ಕೆಲಸವನ್ನು ನಿಂತಲ್ಲೇ ಫಾದಿಯಸ್‌ಗೆ ಕೊಟ್ಟಳು. ಅವನು ತಡಮಾಡದೆ ಹೆಣದ ಬಾಯಿಗೆ ಬೆರಳು ಹಾಕಿದ. "ಇದು ಅಂಬಿಗನದೋ ನಮ್ಮದೋ ನೋಡ್ತೀನಮ್ಮ."

ಅಭ್ಯಾಸಬಲ. ಹೊಸ್ತಿಲಿಯಸ್ ಕಚ್ಚಿ ನೋಡಿದ.

ಫಾದಿಯಸ್ ಕಿರುಚಿದ ರಭಸಕ್ಕೆ ಹೆಣ ಎದ್ದು ಕೂತಿತು.

"ನಿದ್ದೆ ಮಾಡ್ತಿದ್ದನಮ್ಮ, ಸೋಮಾರಿ!" ಬೆರಳಿಗೆ ಗಾಳಿ ಊದುತ್ತ ಫಾದಿಯಸ್ ಕೂಗಾಡಿದ. ಬಾಗಿಲಲ್ಲಿ ನಿದ್ದೆ ಮಾಡಿದವನಿಗೆ ಕೆಲಸವಿಲ್ಲ ಎಂಬುದು ಯಜಮಾನಿಯ ಕಟ್ಟಪ್ಪಣೆ. ಸಾಯಬಾರದು ಅಂತ ಮಾತ್ರ ಆಕೆ ಯಾವತ್ತೂ ಹೇಳಿರಲಿಲ್ಲ. ಹೊಸ್ತಿಲಿಯಸ್‌ಗೆ ಇದು ಥಟ್ಟನೆ ಹೊಳೆಯಿತು.

"ನಿದ್ದೆ ಎಲ್ಲಿ ಬಂತಮ್ಮ? ಸತ್ತೇ ಹೋಗಿದ್ದೆ. ಆ ನದೀತನಕ ಹೋಗಿ ಬಂದೆ."

ಮೀನಿನವಳು ಮುಂದೆ ನುಗ್ಗಿದಳು. "ನಮ್ಮತ್ತೆ ಕಂಡ್ರಾ? ವಾಪಸ್ ಬರೋ ಯೋಚನೆ ಏನೂ ಇಲ್ಲ ತಾನೇ?"

ಕೆದಿಕಿಯಾ ಅಷ್ಟಕ್ಕೆ ಬಿಡುವವಳಲ್ಲ, ಹೆಸರೇ ಹಾಗಿದೆ; ಕೆದಕಿದಳು. "ನಂಬೋ ಹಾಗೆ ಹೇಳಿದ್ರೆ ಕೆಲಸ ನಿಂದೇ. ಹೇಗಿತ್ತಯ್ಯಾ ಅಲ್ಲಿ?"

ಟವಲು ಸುತ್ತಿಕೊಂಡು, ತಣ್ಣೀರಿಗೆ ನಡುಗುತ್ತ ಒಳಗಿಂದ ಬಂದವರೂ ಗುಂಪಿಗೆ ಸೇರಿಕೊಂಡರು.

"ನೀರು ಇಲ್ಲಿಗಿಂತ ಬಿಸಿ ಇತ್ತಮ್ಮ."